ರಿವೆಟ್ಟಿನ ಮೇಲಣ ಅಕ್ಷರ: ಕಾರವಾರ–ಅಂಕೋಲೆಗಳ ಲಾರಿಬರಹವು ಕುಂಚದಿಂದ ವಿನೈಲಿಗೆ ಸಾಗಿದ ಬಗೆ

೧. ಪ್ರಸ್ತಾವನೆ

ಬರಹದ ಚರಿತ್ರೆಯೆಂಬುದು ಬರೆಸಿಕೊಂಡ ವಸ್ತುವಿನ ಚರಿತ್ರೆಯೂ ಹೌದು. ಶಿಲೆಯ ಮೇಲೆ ಉಳಿ ನಡೆಯುವ ರೀತಿ ಒಂದು. ಓಲೆಗರಿಯ ಮೇಲೆ ಕಂಟವು ನಡೆಯುವ ರೀತಿ ಇನ್ನೊಂದು. ಕಾಗದದ ಮೇಲೆ ಲೇಖನಿಯು ನಡೆಯುವ ರೀತಿ ಮತ್ತೊಂದು. ಕಲ್ಲಿನಲ್ಲಿ ಬಿರುಕು ಕಂಡುಬಂದರೆ ಶಾಸನವನ್ನು ಕಂಡರಿಸುವವನು ಅದನ್ನು ದಾಟಿ ಮುಂದಿನ ಅಕ್ಷರವನ್ನಿಡುತ್ತಿದ್ದನು. ಓಲೆಯಲ್ಲಿ ದಾರ ಪೋಣಿಸುವ ರಂಧ್ರವಿದ್ದೆಡೆ ಲಿಪಿಕಾರನು ಅದರ ಸುತ್ತ ಸ್ವಲ್ಪ ಬಯಲನ್ನು ಬಿಟ್ಟು ಬರೆಯುತ್ತಿದ್ದನು. ಹೀಗೆ ಬರಹಕ್ಕೆ ಅಡ್ಡಬರುವ ಸಣ್ಣ ತೊಡಕುಗಳೇ ಬರಹದ ಪದ್ಧತಿಯನ್ನು ರೂಪಿಸಿದ ನಿದರ್ಶನಗಳು ನಮ್ಮ ಲಿಪಿಯ ಇತಿಹಾಸದಲ್ಲಿ ಹೇರಳವಾಗಿವೆ.

ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಹೊರಟಿರುವುದು ಇಂಥದೇ ಒಂದು ತೊಡಕನ್ನು. ಸರಕು ಸಾಗಿಸುವ ಲಾರಿಯ ಮೈಯ ಮೇಲೆ ತಗಡನ್ನು ಹಿಡಿದು ನಿಲ್ಲಿಸುವ ರಿವೆಟ್ಟುಗಳಿರುತ್ತವೆ. ಒಂದು ಕಾಲದಲ್ಲಿ ಈ ತಗಡಿನ ಮೇಲೆ ಕುಂಚದಿಂದ ಹೆಸರನ್ನು ಬರೆಯುತ್ತಿದ್ದರು. ಈಗ ಬಹುಮಟ್ಟಿಗೆ ವಿನೈಲಿನ ಹಾಳೆಯನ್ನು ಅಂಟಿಸುತ್ತಾರೆ. ಕುಂಚಕ್ಕೆ ಹೆಚ್ಚು ತೊಂದರೆ ಕೊಡದಿದ್ದ ರಿವೆಟ್ಟು ವಿನೈಲಿಗೆ ದೊಡ್ಡ ತೊಂದರೆಯಾಯಿತು. ಅದು ಏಕೆ, ಅದಕ್ಕೆ ಪರಿಹಾರವೇನು, ಕಾರವಾರ ಮತ್ತು ಅಂಕೋಲೆಗಳಂಥ ಕಡಲತೀರದ ಊರುಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕ ಬರುವುದೇಕೆ ಎಂಬುದನ್ನು ಕ್ರಮವಾಗಿ ನೋಡೋಣ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಲಾರಿಯ ಗೊಡವೆಯೇಕೆಂದು ವಾಚಕರು ಕೇಳಬಹುದು. ಇಂದು ನಮ್ಮ ಹೆದ್ದಾರಿಗಳಲ್ಲಿ ಅತಿ ಹೆಚ್ಚು ಜನರ ಕಣ್ಣಿಗೆ ಬೀಳುವ ಕನ್ನಡ ಬರಹಗಳಲ್ಲಿ ಲಾರಿಯ ಮೇಲಿನ ಬರಹವೂ ಒಂದು. ಅತಿ ಬೇಗ ಅಳಿದುಹೋಗುವ ಬರಹವೂ ಅದೇ. ಈ ಎರಡು ಸಂಗತಿಗಳೇ ನಮಗೆ ಸಾಕಾದ ಸಮಾಧಾನ.

೨. ಊರುಗಳೂ ಹಾದಿಗಳೂ

ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರವು ಅದರ ಮುಖ್ಯ ಪಟ್ಟಣವಾಯಿತು. ಆ ಕಾಲದಲ್ಲಿ ಘಟ್ಟದ ಮೇಲಿನ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಇಳಿದು ಕುಮಟಾ ಮತ್ತು ಕಾರವಾರಗಳ ಬಂದರುಗಳಿಂದ ಹಡಗೇರುತ್ತಿತ್ತು. ೧೯೫೬ರಲ್ಲಿ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ೧೯೬೧ರ ಡಿಸೆಂಬರಿನಲ್ಲಿ ಗೋವೆಯು ಪೋರ್ತುಗೀಜರಿಂದ ಬಿಡುಗಡೆಗೊಂಡ ಮೇಲೆ ಮಾಜಾಳಿಯ ಗಡಿಯಾಚೆಗಿನ ಹಾದಿಯೂ ತೆರೆಯಿತು. ಈ ಕಾರಣಗಳಿಂದ ಕಾರವಾರದ ಬೀದಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಕಿವಿಗೆ ಬೀಳುವಂತೆ, ಲಾರಿಯ ಮೈಯ ಮೇಲೆ ಕನ್ನಡ, ನಾಗರಿ, ರೋಮನ್ ಮೂರು ಲಿಪಿಗಳೂ ಕಣ್ಣಿಗೆ ಬೀಳುತ್ತವೆ.

ಅಂಕೋಲೆಯ ಸ್ಥಾನ ಇನ್ನೂ ವಿಶಿಷ್ಟವಾದುದು. ೧೯೩೦ರ ಉಪ್ಪಿನ ಸತ್ಯಾಗ್ರಹದಿಂದ ನಾಡಿಗೆಲ್ಲ ಹೆಸರಾದ ಈ ಊರು ಎರಡು ಹೆದ್ದಾರಿಗಳು ಕೂಡುವ ಸ್ಥಳ. ತೀರದುದ್ದಕ್ಕೂ ಸಾಗುವ ಹೆದ್ದಾರಿಗೆ ಮೊದಲು ೧೭ ಎಂಬ ಸಂಖ್ಯೆಯಿತ್ತು, ಈಗ ೬೬. ಅರಬೈಲು ಘಟ್ಟವನ್ನೇರಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಗೆ ಮೊದಲು ೬೩ ಎಂಬ ಸಂಖ್ಯೆಯಿತ್ತು, ಈಗ ೫೨. ಇದೇ ತಾಲೂಕಿನ ಬೇಲೆಕೇರಿ ಬಂದರಿಗೆ ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ–ಹೊಸಪೇಟೆಗಳ ಕಬ್ಬಿಣದ ಅದಿರು ಲಾರಿಗಳಲ್ಲಿ ಇಳಿದುಬರುತ್ತಿತ್ತು. ೨೦೧೦ರಲ್ಲಿ ಅಲ್ಲಿ ಜಪ್ತಿಯಾಗಿದ್ದ ಅದಿರು ಕಾಣೆಯಾದ ಪ್ರಕರಣ ಹೊರಬಿದ್ದಿತು. ಅದೇ ವರ್ಷದ ಜುಲೈಯಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ನಿಲ್ಲಿಸಿತು. ೨೦೧೧ರ ಜುಲೈಯಲ್ಲಿ ಲೋಕಾಯುಕ್ತರ ವರದಿಯು ಸಲ್ಲಿಕೆಯಾಯಿತು. ಆ ತನಿಖೆಯ ವಿಷಯಗಳಲ್ಲಿ ಅಧಿಕ ಭಾರದ ಸಾಗಣೆಯೂ ಒಂದಾಗಿತ್ತೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಲಾರಿಯ ಪಕ್ಕದಲ್ಲಿ ಬರೆದ ತೂಕ ಒಂದು, ಲಾರಿಯಲ್ಲಿ ಹೇರಿದ ತೂಕ ಇನ್ನೊಂದು. ಶಾಸನದ ವಾಕ್ಯವನ್ನೂ ಕ್ಷೇತ್ರದ ವಸ್ತುಸ್ಥಿತಿಯನ್ನೂ ಒಂದಕ್ಕೊಂದು ಇಟ್ಟು ನೋಡಬೇಕೆಂಬ ನಮ್ಮ ಹಳೆಯ ಪಾಠಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಅದಿರಿನ ಲಾರಿಗಳ ಸಾಲು ಕರಗಿದರೂ ಹೆದ್ದಾರಿಯ ದಟ್ಟಣೆ ಕರಗಲಿಲ್ಲ. ಮೀನಿನ ಲಾರಿಗಳು, ಅನಿಲದ ಟ್ಯಾಂಕರುಗಳು, ಮರದ ದಿಮ್ಮಿ ಹೊತ್ತ ಲಾರಿಗಳು, ಪಾರ್ಸೆಲ್ ಸಾಗಿಸುವ ಮುಚ್ಚಿದ ಪೆಟ್ಟಿಗೆಯ ಲಾರಿಗಳು ಹಗಲಿರುಳೂ ಈ ಎರಡು ಊರುಗಳನ್ನು ಹಾದುಹೋಗುತ್ತಿವೆ. ೧೯೯೯ರಿಂದ ಕೊಂಕಣ ರೈಲ್ವೆಯು ಸರಕು ತುಂಬಿದ ಲಾರಿಗಳನ್ನೇ ತನ್ನ ಬಂಡಿಗಳ ಮೇಲೆ ಹತ್ತಿಸಿಕೊಂಡು ಸಾಗಿಸಲಾರಂಭಿಸಿತು. ಈ ಸೇವೆಯು ಮುಂದೆ ಸುರತ್ಕಲ್ಲಿನವರೆಗೆ ವಿಸ್ತರಿಸಿದಂದಿನಿಂದ ಕಾರವಾರದವರು ರೈಲಿನ ಮೇಲೆ ಕುಳಿತು ಸಾಗುವ ಲಾರಿಗಳ ಬರಹವನ್ನೂ ಓದುವಂತಾಯಿತು.

೩. ಲಾರಿಯ ಮೈ, ಅದರ ರಿವೆಟ್ಟು, ಅದರ ಬರಹ

ನಮ್ಮ ದೇಶದಲ್ಲಿ ಲಾರಿಯು ಬಹುಕಾಲದವರೆಗೆ ಎರಡು ಕೈಗಳ ಕೆಲಸವಾಗಿತ್ತು. ೧೯೫೪ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್–ಬೆನ್ಜ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಲಾರಿಗಳನ್ನು ತಯಾರಿಸತೊಡಗಿತು. ಮದರಾಸಿನ ಅಶೋಕ ಲೇಲ್ಯಾಂಡ್ ಸಂಸ್ಥೆಯೂ ಅದೇ ದಶಕದಲ್ಲಿ ಕಾರ್ಯ ಪ್ರಾರಂಭಿಸಿತು. ಈ ಕಾರ್ಖಾನೆಗಳಿಂದ ಬರುತ್ತಿದ್ದುದು ಎಂಜಿನ್ ಮತ್ತು ಗಾಲಿಗಳುಳ್ಳ ಚಾಸಿ ಮಾತ್ರ. ಅದರ ಮೇಲೆ ತಲೆಯನ್ನೂ ಹಲಗೆಯ ಬದಿಗಳನ್ನೂ ಕಟ್ಟುವವರು ಊರೂರಿನ ಬಡಗಿಗಳು ಮತ್ತು ಕಮ್ಮಾರರು. ಮರದ ಅಥವಾ ಕಬ್ಬಿಣದ ಚೌಕಟ್ಟಿನ ಮೇಲೆ ಉಕ್ಕಿನ ಇಲ್ಲವೆ ಅಲ್ಯುಮಿನಿಯಂ ತಗಡನ್ನು ಹಾಸಿ, ರಂಧ್ರ ಕೊರೆದು, ರಿವೆಟ್ಟನ್ನು ತೂರಿಸಿ, ಹಿಂಬದಿಯನ್ನು ತಟ್ಟಿ ಅಗಲಿಸಿ ಭದ್ರಪಡಿಸುತ್ತಿದ್ದರು. ಹೊರಗೆ ಉಳಿಯುವ ರಿವೆಟ್ಟಿನ ತಲೆಯು ಅರೆಗೋಳದಂತೆ, ಸ್ವಲ್ಪ ಚಪ್ಪಟೆಯಾದ ಗುಮ್ಮಟದಂತೆ, ಕಾಣುತ್ತದೆ. ತೆಳುವಾದ ತಗಡಿಗೆ ಬೆಸುಗೆಯ ಕಾವು ಹಿಡಿಸದು, ಅದು ಸೊಟ್ಟಗಾಗುತ್ತದೆ. ಅಲ್ಯುಮಿನಿಯಮ್ಮನ್ನು ಬೆಸೆಯುವುದಂತೂ ಸಾಮಾನ್ಯ ಕಾರ್ಯಾಗಾರಕ್ಕೆ ಕಷ್ಟಸಾಧ್ಯ. ಆದಕಾರಣ ಮುಚ್ಚಿದ ಪೆಟ್ಟಿಗೆಯ ಲಾರಿಗಳಲ್ಲಿ, ವಿಶೇಷವಾಗಿ ಮೀನಿನ ಲಾರಿಗಳಲ್ಲಿ, ರಿವೆಟ್ಟಿನ ಸಾಲುಗಳು ಇಂದಿಗೂ ಕಾಣುತ್ತವೆ.

ಈ ಮೈಯ ಮೇಲೆ ಬರೆಯುವ ಬರಹವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕಾನೂನು ಬರೆಯಿಸುವ ಬರಹ: ನೋಂದಣಿಯ ಸಂಖ್ಯೆ, ಖಾಲಿ ಲಾರಿಯ ತೂಕ, ಹೇರು ಸಹಿತವಾದ ತೂಕ, ಪರವಾನಗಿಯ ವಿವರ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ರಾಷ್ಟ್ರೀಯ ಪರವಾನಗಿಯುಳ್ಳ ಲಾರಿಗಳ ಮೈಗೆ ಒಣಗಿದ ಎಲೆಯ ಕಂದು ಬಣ್ಣವನ್ನೂ ಬಿಳಿಯ ದಪ್ಪ ಅಂಚನ್ನೂ ವಿಧಿಸಿದ್ದವು. ಎರಡನೆಯದು ಮಾಲಿಕನು ಬರೆಯಿಸುವ ಬರಹ: ಕುಲದೈವದ ಹೆಸರು, ತಾಯಿತಂದೆಯರ ಆಶೀರ್ವಾದ, ಮಕ್ಕಳ ಹೆಸರು, ಊರಿನ ಹೆಸರು. ಮೂರನೆಯದು ಹಿಂದೆ ಬರುವವರಿಗೆ ಹೇಳುವ ಮಾತು: ಹಾರನ್ ಮಾಡಿರಿ, ಅಂತರವಿರಲಿ, ಶುಭ ಪ್ರಯಾಣ. ಶಾಸನದ ಪರಿಭಾಷೆಯಲ್ಲಿ ಹೇಳುವುದಾದರೆ ರಾಜಾಜ್ಞೆ, ದೇವತಾಸ್ತುತಿ, ಫಲಶ್ರುತಿ ಮೂರೂ ಒಂದೇ ತಗಡಿನ ಮೇಲೆ ನೆಲೆಗೊಂಡಿವೆ ಎನ್ನಬಹುದು.

೪. ಕುಂಚದ ಪದ್ಧತಿ

ಪೇಂಟರನ ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕು. ತಗಡನ್ನು ಉಜ್ಜುಕಾಗದದಿಂದ ಉಜ್ಜಿ, ಪ್ರೈಮರನ್ನು ಬಳಿದು, ಅದರ ಮೇಲೆ ಎನಾಮಲ್ ಬಣ್ಣವನ್ನು ಕೊಟ್ಟು ಒಣಗಲು ಬಿಡುತ್ತಾನೆ. ಬಳಿಕ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಎರಡು ತುದಿಗಳಲ್ಲಿ ಬಿಗಿದು ಮೀಟಿದರೆ ನೇರವಾದ ಗೆರೆ ಬೀಳುತ್ತದೆ. ಎರಡು ಗೆರೆಗಳ ನಡುವೆ ಅಕ್ಷರಗಳ ಹೊರರೇಖೆಯನ್ನು ಗುರುತಿಸಿ, ಮೃದುವಾದ ಕೂದಲಿನ ಕುಂಚದಿಂದ ತುಂಬಿ, ಕೊನೆಗೆ ಒಂದು ಬದಿಗೆ ನೆರಳಿನ ಬಣ್ಣವನ್ನು ಕೊಡುತ್ತಾನೆ.

ಇಲ್ಲಿ ರಿವೆಟ್ಟು ಅಡ್ಡ ಬಂದರೆ ಆಗುವುದೇನು? ಬಣ್ಣವು ದ್ರವವಸ್ತು, ಅದಕ್ಕೆ ತನ್ನದೆಂಬ ಆಕಾರವಿಲ್ಲ. ಕುಂಚವು ಗುಮ್ಮಟವನ್ನು ಹತ್ತಿ ಇಳಿಯುತ್ತದೆ, ಬಣ್ಣವು ಗುಮ್ಮಟದ ಆಕಾರವನ್ನೇ ತಾಳುತ್ತದೆ. ರಿವೆಟ್ಟಿನ ಬುಡದ ಸಂದಿನಲ್ಲಿ ಬಣ್ಣವು ತುಸು ದಪ್ಪನಾಗಿ ನಿಂತು, ಆ ಸಂದನ್ನು ಮುಚ್ಚಿ, ನೀರು ಒಳಗಿಳಿಯದಂತೆ ತಡೆಯುವುದೂ ಉಂಟು. ಕುಶಲನಾದ ಪೇಂಟರನು ರಿವೆಟ್ಟಿನ ಸಾಲನ್ನು ಮೊದಲೇ ನೋಡಿಕೊಂಡು ಅಕ್ಷರಗಳ ಪಂಕ್ತಿಯನ್ನು ಎರಡು ಸಾಲುಗಳ ನಡುವೆ ಕೂಡಿಸಬಲ್ಲನು. ಅನಿವಾರ್ಯವಾದರೆ ರಿವೆಟ್ಟನ್ನೇ ಅನುಸ್ವಾರದ ಬಿಂದುವನ್ನಾಗಿಯೋ ಹೂವಿನ ನಡುಭಾಗವನ್ನಾಗಿಯೋ ಮಾಡಿಕೊಳ್ಳಬಲ್ಲನು.

೫. ವಿನೈಲ್ ಎಂಬ ವಸ್ತು

ವಿನೈಲ್ ಎಂದು ವ್ಯವಹಾರದಲ್ಲಿ ಹೇಳುವುದು ಪಾಲಿವಿನೈಲ್ ಕ್ಲೋರೈಡ್ ಎಂಬ ಕೃತಕ ವಸ್ತುವನ್ನು. ಜರ್ಮನಿಯ ಯೂಜೆನ್ ಬೌಮಾನ್ ೧೮೭೨ರಲ್ಲಿ ಇದನ್ನು ಗಮನಿಸಿ ವರ್ಣಿಸಿದನು. ಸ್ವಭಾವತಃ ಇದು ಗಡುಸಾದ, ಬಾಗದ ವಸ್ತು. ೧೯೨೬ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಎಂಬಾತನು ಇದಕ್ಕೆ ಮೃದುಕಾರಕ ದ್ರವಗಳನ್ನು ಬೆರೆಸಿ ಬಳುಕುವಂತೆ ಮಾಡಿದನು. ೧೯೩೫ರಲ್ಲಿ ಸ್ಟಾಂಟನ್ ಏವರಿಯು ಹಿಂಬದಿಯ ಕಾಗದವನ್ನು ಸುಲಿದು ಅಂಟಿಸುವ ಚೀಟಿಯನ್ನು ರೂಢಿಗೆ ತಂದನು. ಈ ಎರಡು ಕಲ್ಪನೆಗಳು ಕೂಡಿದುದರ ಫಲವೇ ಇಂದಿನ ಅಂಟುವಿನೈಲು. ಯಂತ್ರಕ್ಕೆ ಜೋಡಿಸಿದ ಸಣ್ಣ ಚಾಕು ಗಣಕದ ಆಜ್ಞೆಯಂತೆ ಅಕ್ಷರಗಳನ್ನು ಕತ್ತರಿಸುತ್ತದೆ. ಇಲ್ಲವೆ ಇಡೀ ಚಿತ್ರವನ್ನೇ ಹಾಳೆಯ ಮೇಲೆ ಮುದ್ರಿಸುತ್ತಾರೆ.

ನಮ್ಮ ಊರುಗಳಲ್ಲಿ ಈ ಕೆಲಸದ ಅಂಗಡಿಗೆ ‘ರೇಡಿಯಂ ಅಂಗಡಿ’ ಎಂಬ ಹೆಸರು ನೆಲೆಗೊಂಡಿದೆ. ಕ್ಯೂರಿ ದಂಪತಿಗಳು ೧೮೯೮ರಲ್ಲಿ ಕಂಡುಹಿಡಿದ ರೇಡಿಯಂ ಧಾತುವಿಗೂ ಈ ಹಾಳೆಗೂ ಯಾವ ಸಂಬಂಧವೂ ಇಲ್ಲ. ಕತ್ತಲೆಯಲ್ಲಿ ಮಿಂಚುವ ವಸ್ತುವೆಂಬ ಅರ್ಥದಲ್ಲಿ ಈ ಪದವು ಬೆಳಕನ್ನು ಹಿಂದಿರುಗಿಸುವ ಪಟ್ಟಿಗಳಿಗೆ ಅನ್ವಯವಾಗಿ, ಅಲ್ಲಿಂದ ಎಲ್ಲ ಅಂಟುಹಾಳೆಗಳಿಗೂ ವ್ಯಾಪಿಸಿತು. ಪದಗಳ ಅರ್ಥವಿಸ್ತಾರಕ್ಕೆ ಇದು ಒಳ್ಳೆಯ ಉದಾಹರಣೆ.

ವಿನೈಲಿನ ಹಾಳೆಯಲ್ಲಿ ಎರಡು ಜಾತಿಗಳಿವೆ. ರಿವೆಟ್ಟಿನ ಪ್ರಶ್ನೆಯಲ್ಲಿ ಈ ಭೇದವೇ ಪ್ರಧಾನವಾದುದು. ಒಂದು ಜಾತಿಯಲ್ಲಿ ಕಾಯಿಸಿದ ಮುದ್ದೆಯನ್ನು ಉರುಳೆಗಳ ನಡುವೆ ಒತ್ತಿ ಎಳೆದು ಹಾಳೆಯನ್ನು ಮಾಡುತ್ತಾರೆ. ಹೀಗೆ ಎಳೆಸಿಕೊಂಡ ಹಾಳೆಯಲ್ಲಿ ಒಂದು ಬಿಗುವು ಉಳಿದಿರುತ್ತದೆ. ಬಿಸಿಲು ತಾಗಿದಾಗಲೆಲ್ಲ ಅದು ಮೊದಲಿನ ಗಾತ್ರಕ್ಕೆ ಮರಳಲು ಹವಣಿಸುತ್ತದೆ. ಇನ್ನೊಂದು ಜಾತಿಯಲ್ಲಿ ದ್ರವರೂಪದ ಮಿಶ್ರಣವನ್ನು ಹಾಸಿನ ಮೇಲೆ ತೆಳುವಾಗಿ ಎರೆದು ಒಣಗಿಸುತ್ತಾರೆ. ಎಳೆತವೇ ಇಲ್ಲದೆ ಹುಟ್ಟಿದ ಈ ಹಾಳೆಯಲ್ಲಿ ಬಿಗುವು ಅತ್ಯಲ್ಪ. ದಪ್ಪವು ಸುಮಾರು ೫೦ ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಮೊದಲನೆಯದನ್ನು ಉರುಳೆಹಾಳೆಯೆಂದೂ ಎರಡನೆಯದನ್ನು ಎರಕದ ಹಾಳೆಯೆಂದೂ ಕರೆಯೋಣ. ಉರುಳೆಹಾಳೆ ಅಗ್ಗ, ಎರಕದ ಹಾಳೆ ತುಟ್ಟಿ. ಸಮತಟ್ಟಾದ ಫಲಕಕ್ಕೆ ಉರುಳೆಹಾಳೆ ಸಾಕು. ರಿವೆಟ್ಟಿನ ಮೇಲೆ ಅದು ನಿಲ್ಲದು.

೬. ರಿವೆಟ್ಟಿನ ಲೆಕ್ಕ

ನಿಲ್ಲದಿರಲು ಕಾರಣವನ್ನು ಸರಳವಾದ ಕ್ಷೇತ್ರಗಣಿತದಿಂದ ತೋರಿಸಬಹುದು. ಒಂದು ರಿವೆಟ್ಟಿನ ತಲೆಯ ವ್ಯಾಸ ೧೨ ಮಿಲಿಮೀಟರು, ಎತ್ತರ ೩ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಅದು ಆವರಿಸಿದ ಸಮತಲದ ವಿಸ್ತೀರ್ಣ ಸುಮಾರು ೧೧೩ ಚದರ ಮಿಲಿಮೀಟರು. ಗುಮ್ಮಟದ ಮೇಲ್ಮೈಯ ವಿಸ್ತೀರ್ಣವಾದರೋ ಸುಮಾರು ೧೪೧ ಚದರ ಮಿಲಿಮೀಟರು. ಎಂದರೆ ಹಾಳೆಯು ಆ ಜಾಗದಲ್ಲಿ ತನ್ನ ವಿಸ್ತೀರ್ಣವನ್ನು ನಾಲ್ಕನೆಯ ಒಂದು ಪಾಲಿನಷ್ಟು ಹೆಚ್ಚಿಸಿಕೊಳ್ಳಬೇಕು. ೫೦ ಮೈಕ್ರಾನ್ ದಪ್ಪದ ಹಾಳೆಯು ಅಲ್ಲಿ ಸರಾಸರಿ ೪೦ ಮೈಕ್ರಾನಿಗೆ ಇಳಿಯುತ್ತದೆ. ಲಾರಿಯ ಒಂದು ಬದಿಯಲ್ಲಿ ನೂರು ರಿವೆಟ್ಟುಗಳಿದ್ದರೆ ಇಂಥ ನೂರು ಎಳೆತಗಳು ಒಂದೇ ಹಾಳೆಯಲ್ಲಿ ಕೂಡುತ್ತವೆ.

ಬಣ್ಣಕ್ಕೂ ಹಾಳೆಗೂ ಇರುವ ಅಂತರ ಇದೇ. ಬಣ್ಣಕ್ಕೆ ಅಳತೆಯಿಲ್ಲ, ಹಾಳೆಗೆ ಅಳತೆಯುಂಟು. ಹೆಚ್ಚಿನ ವಿಸ್ತೀರ್ಣವನ್ನು ಹಾಳೆಯು ಎಲ್ಲಿಂದಲೋ ತಂದುಕೊಳ್ಳಬೇಕು: ಒಂದೋ ತಾನು ಹಿಗ್ಗಬೇಕು, ಇಲ್ಲವೆ ರಿವೆಟ್ಟಿನ ಬುಡವನ್ನು ಮುಟ್ಟದೆ ತಲೆಯಿಂದ ತಗಡಿಗೆ ಡೇರೆಯಂತೆ ಇಳಿಯಬೇಕು. ಈ ಡೇರೆಯ ಕೆಳಗೆ ಉಂಗುರಾಕಾರದ ಟೊಳ್ಳು ಉಳಿಯುತ್ತದೆ. ಅಂಟಿಸಿದ ದಿನ ಅದು ಅಷ್ಟಾಗಿ ಕಣ್ಣಿಗೆ ಬೀಳದು. ಆದರೆ ಟೊಳ್ಳಿನ ಗಾಳಿಯು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ, ಅಂಚುಗಳ ಅಂಟು ದಿನದಿನಕ್ಕೆ ಸಡಿಲಗೊಳ್ಳುತ್ತದೆ, ಟೊಳ್ಳು ಹರಡುತ್ತದೆ. ಕಡೆಗೆ ಹಾಳೆಯು ಅಲ್ಲಿಂದಲೇ ಹರಿಯುತ್ತದೆ.

೭. ಅಂಟಿಸುವ ಕ್ರಮ

ಈ ಕೆಲಸದಲ್ಲಿ ಪಳಗಿದವರು ಅನುಸರಿಸುವ ಕ್ರಮವು ಶಾಸನದ ಪಡಿಯಚ್ಚು ತೆಗೆಯುವ ಕ್ರಮವನ್ನು ಬಹಳವಾಗಿ ಹೋಲುತ್ತದೆ. ಶಾಸನದ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಬಿರುಸಾದ ಕುಂಚದಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರಗಳ ತಗ್ಗಿನೊಳಕ್ಕೆ ಇಳಿಸುವುದನ್ನು ಬಲ್ಲ ವಾಚಕರಿಗೆ ಮುಂದಿನ ವಿವರ ಸುಲಭವಾಗಿ ಮನದಟ್ಟಾಗುವುದು. ಅಲ್ಲಿ ತಗ್ಗಿಗೆ ಇಳಿಸಬೇಕು, ಇಲ್ಲಿ ಉಬ್ಬಿಗೆ ಹೊಂದಿಸಬೇಕು. ಎರಡು ಕಡೆಯೂ ಶತ್ರುವಾದುದು ಕೆಳಗೆ ಸಿಕ್ಕಿಬಿದ್ದ ಗಾಳಿಯೇ.

ಮೊದಲನೆಯದು ಪರೀಕ್ಷೆ. ಬೆರಳಿನಿಂದ ಒತ್ತಿದರೆ ಅಲುಗುವ ರಿವೆಟ್ಟನ್ನು ಕಿತ್ತು ಹೊಸದನ್ನು ಹಾಕಬೇಕು. ಲಾರಿಯ ನಡುಗಿಗೆ ಅಲುಗುವ ರಿವೆಟ್ಟು ತನ್ನ ಮೇಲಿನ ಹಾಳೆಯನ್ನು ಸುತ್ತಲೂ ಕತ್ತರಿಸಿಹಾಕುತ್ತದೆ. ತುಕ್ಕು ಹಿಡಿದುದನ್ನು ಉಜ್ಜಿ ಪ್ರೈಮರ್ ಕೊಡಬೇಕು; ಇಲ್ಲವಾದರೆ ಅಂಟು ತುಕ್ಕನ್ನು ಹಿಡಿಯುತ್ತದೆಯೇ ಹೊರತು ಲೋಹವನ್ನಲ್ಲ. ಹೊಸದಾಗಿ ಬಣ್ಣ ಬಳಿದಿದ್ದರೆ ಅದು ಪೂರ್ತಿಯಾಗಿ ಒಣಗುವವರೆಗೆ ಕಾಯಬೇಕು. ಹಸಿಬಣ್ಣದಿಂದ ಹೊರಡುವ ಆವಿಯು ಹಾಳೆಯ ಕೆಳಗೆ ಗುಳ್ಳೆಗಳನ್ನೆಬ್ಬಿಸುತ್ತದೆ.

ಎರಡನೆಯದು ಶುದ್ಧಿ. ಸಾಬೂನಿನ ನೀರಿನಿಂದ ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಬೇಕು. ರಿವೆಟ್ಟಿನ ಬುಡದಲ್ಲಿ ಜಿಡ್ಡೂ ಹಳೆಯ ಮೇಣವೂ ಕುಳಿತಿರುತ್ತವೆ. ಬಟ್ಟೆಯ ತುದಿಯನ್ನು ಉಗುರಿನಿಂದ ಒತ್ತಿ ಅಲ್ಲಿ ಸುತ್ತ ಒರೆಸದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಗಾಜಿಗೆ ಹಾಳೆ ಅಂಟಿಸುವಾಗ ನೀರನ್ನು ಚಿಮುಕಿಸುವ ರೂಢಿಯಿದೆ. ರಿವೆಟ್ಟಿನ ಮೇಲೆ ಅದು ಸಲ್ಲದು. ನೀರು ಬುಡದ ಸಂದಿನಲ್ಲಿ ನಿಂತುಬಿಡುತ್ತದೆ.

ಮೂರನೆಯದು ಹಾಸುವಿಕೆ. ಲಾರಿಯನ್ನು ನೆರಳಿನಲ್ಲಿ ನಿಲ್ಲಿಸಿ ಬೆಳಗಿನ ಹೊತ್ತು ಕೆಲಸ ಮಾಡುವುದು ಮೇಲು. ಮಧ್ಯಾಹ್ನದ ಬಿಸಿಲಿಗೆ ಕಾದ ತಗಡು ಅಂಟನ್ನು ಮುಟ್ಟಿದೊಡನೆ ಹಿಡಿದುಕೊಳ್ಳುತ್ತದೆ, ತಿದ್ದಲು ಅವಕಾಶ ಕೊಡದು. ಹಾಳೆಯನ್ನು ಸಮತಲದ ಮೇಲೆ ಪಟ್ಟಿಯಿಂದ ಒತ್ತುತ್ತ ಹೋಗಬೇಕು, ರಿವೆಟ್ಟುಗಳ ಸುತ್ತ ಡೇರೆಯನ್ನು ಹಾಗೆಯೇ ಬಿಡಬೇಕು. ಅವಸರಪಟ್ಟು ಹಾಳೆಯನ್ನು ಎಳೆದು ರಿವೆಟ್ಟಿನ ಮೇಲೆ ಬಿಗಿದರೆ ಬಿಗುವು ಉಳಿದು, ಮುಂದೆ ಅಲ್ಲೇ ಮೇಲೇಳುತ್ತದೆ.

ನಾಲ್ಕನೆಯದು ಡೇರೆಯನ್ನು ಇಳಿಸುವುದು. ಸೂಜಿಯಿಂದ ಡೇರೆಯ ಬುಡದಲ್ಲಿ ಎರಡು ಮೂರು ಕಡೆ ಚುಚ್ಚಿ ಗಾಳಿಗೆ ದಾರಿ ಮಾಡಬೇಕು. ಬಿಸಿಗಾಳಿಯ ಯಂತ್ರದಿಂದ ಹಾಳೆಯನ್ನು ಮೆತ್ತಗಾಗಿಸಿ, ಬಿರುಸು ಕೂದಲಿನ ದುಂಡು ಕುಂಚದಿಂದ ಡೇರೆಯ ಹೊರ ಅಂಚಿನಿಂದ ಒಳಮುಖವಾಗಿ ಸುತ್ತು ಸುತ್ತಾಗಿ ಒತ್ತುತ್ತ ಬರಬೇಕು. ಗಾಳಿಯು ರಂಧ್ರಗಳಿಂದ ಹೊರಟುಹೋಗುತ್ತದೆ, ಮೆತ್ತಗಾದ ಹಾಳೆಯು ಬುಡದ ಸಂದನ್ನು ಸೇರಿ ತಲೆಯನ್ನು ಅಪ್ಪುತ್ತದೆ. ಕಾವು ಕಡಮೆಯಾದರೆ ಹಾಳೆ ಹಿಗ್ಗದು. ಹೆಚ್ಚಾದರೆ ಕರಗಿ ತೂತಾಗುವುದು.

ಐದನೆಯದು ಕೊನೆಯ ಕಾವು. ಎಲ್ಲವೂ ಮುಗಿದ ಬಳಿಕ ಎಳೆದ ಭಾಗಗಳನ್ನೆಲ್ಲ ಮತ್ತೊಮ್ಮೆ, ಸುಮಾರು ೧೦೦ ಡಿಗ್ರಿ ಸೆಂಟಿಗ್ರೇಡಿನ ಸನಿಹಕ್ಕೆ, ಕಾಯಿಸಬೇಕು. ಹಿಗ್ಗಿದ ಹಾಳೆಯಲ್ಲಿ ಉಳಿದ ಬಿಗುವು ಇದರಿಂದ ಸಡಿಲಗೊಂಡು, ಹೊಸ ಆಕಾರವೇ ಅದರ ಸ್ವಂತ ಆಕಾರವಾಗುತ್ತದೆ. ಅಗ್ಗದ ಕೆಲಸದಲ್ಲಿ ಮೊದಲು ಬಿಟ್ಟುಹೋಗುವ ಹಂತ ಇದೇ. ಅದರ ಕೊರತೆ ಗೊತ್ತಾಗುವುದು ತಿಂಗಳುಗಳ ಮೇಲೆ.

ಒಂದಕ್ಕಿಂತ ಹೆಚ್ಚು ಹಾಳೆಗಳನ್ನು ಜೋಡಿಸುವಲ್ಲಿ ಮಂಗಳೂರು ಹೆಂಚು ಹೊದಿಸುವವರ ನ್ಯಾಯವನ್ನೇ ಅನುಸರಿಸಬೇಕು. ಕೆಳಗಿನದನ್ನು ಮೊದಲು ಅಂಟಿಸಿ ಮೇಲಿನದನ್ನು ಅದರ ಮೇಲೆ ಬರುವಂತೆ ಮಾಡಿದರೆ ಮಳೆಯ ನೀರು ಜಾರಿಹೋಗುತ್ತದೆ. ಹಾಗೆಯೇ ಲಾರಿಯ ಹಿಂಭಾಗದಿಂದ ಆರಂಭಿಸಿ ಮುಂಭಾಗಕ್ಕೆ ಬಂದರೆ ಎದುರುಗಾಳಿಗೆ ಹಾಳೆಯ ಅಂಚು ಸಿಕ್ಕದು. ಎರಡು ಹಾಳೆಗಳು ಕೂಡುವ ಅಂಚು ರಿವೆಟ್ಟಿನ ಸಾಲಿನ ಮೇಲೆ ಎಂದಿಗೂ ಬೀಳಕೂಡದು.

೮. ಕಡಲ ಗಾಳಿ ಮತ್ತು ಅಕ್ಷರಲೋಪ

ಮೇಲೆ ಹೇಳಿದ ಕ್ರಮವು ಎಲ್ಲ ಊರುಗಳಿಗೂ ಒಂದೇ. ಕಾರವಾರ–ಅಂಕೋಲೆಗಳಲ್ಲಿ ಅದರ ಲೋಪಕ್ಕೆ ತೆರಬೇಕಾದ ದಂಡ ಮಾತ್ರ ಹೆಚ್ಚು. ಇಲ್ಲಿ ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರಿನಷ್ಟು ಮಳೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಉಳಿದ ತಿಂಗಳುಗಳಲ್ಲಿ ಬಿಸಿಲು ಮತ್ತು ಉಪ್ಪಿನ ಗಾಳಿ. ಡೇರೆಯ ಟೊಳ್ಳಿನೊಳಕ್ಕೆ ಒಮ್ಮೆ ಉಪ್ಪುನೀರು ಇಳಿಯಿತೆಂದರೆ ಅದು ಬೇಗ ಆರುವುದಿಲ್ಲ, ಏಕೆಂದರೆ ಉಪ್ಪು ತೇವವನ್ನು ಹಿಡಿದಿಡುತ್ತದೆ. ಅಲ್ಯುಮಿನಿಯಂ ತಗಡಿಗೆ ಉಕ್ಕಿನ ರಿವೆಟ್ಟನ್ನು ಹಾಕಿದ್ದರೆ, ಉಪ್ಪುನೀರಿನ ಮಧ್ಯಸ್ಥಿಕೆಯಿಂದ ಆ ಎರಡು ಲೋಹಗಳು ವಿದ್ಯುತ್ಕೋಶದಂತೆ ವರ್ತಿಸಿ, ಅಲ್ಯುಮಿನಿಯಮ್ಮು ಬಿಳಿಯ ಪುಡಿಯಾಗಿ ಸವೆಯುತ್ತದೆ. ಮೀನಿನ ಲಾರಿಗಳಲ್ಲಂತೂ ಕರಗುವ ಮಂಜುಗಡ್ಡೆಯ ಉಪ್ಪುನೀರು ಒಳಗಿನಿಂದಲೂ ರಿವೆಟ್ಟನ್ನು ಮುಟ್ಟುತ್ತದೆ. ಹೊರಗೆ ಹಾಳೆಯು ಚೆಂದವಾಗಿ ಕಾಣುತ್ತಿರುವಾಗಲೇ ಕೆಳಗೆ ತಗಡು ತಿನ್ನಲ್ಪಡುತ್ತಿರುತ್ತದೆ. ಬಣ್ಣದ ಮೇಲೆ ತುಕ್ಕಿನ ಕಲೆ ಕೂಡಲೇ ಮೂಡಿ ಎಚ್ಚರಿಸುತ್ತಿತ್ತು; ಹಾಳೆಯು ಆ ಎಚ್ಚರಿಕೆಯನ್ನು ಮುಚ್ಚಿಡುತ್ತದೆ.

ಕನ್ನಡ ಲಿಪಿಗೆ ಇದರಿಂದ ಒದಗುವ ತೊಂದರೆಯೂ ಗಮನಾರ್ಹ. ರೋಮನ್ ಲಿಪಿಯ ದೊಡ್ಡಕ್ಷರಗಳು ಬಹುಮಟ್ಟಿಗೆ ಅಖಂಡವಾದ ತುಂಡುಗಳು. ಕನ್ನಡದಲ್ಲಿ ಒತ್ತಕ್ಷರಗಳು, ದೀರ್ಘದ ಚಿಹ್ನೆಗಳು, ಅನುಸ್ವಾರದ ಬಿಂದು ಇವೆಲ್ಲ ಅನೇಕ ವೇಳೆ ಬಿಡಿಬಿಡಿಯಾದ ಸಣ್ಣ ಚೂರುಗಳಾಗಿ ಕತ್ತರಿಸಲ್ಪಡುತ್ತವೆ. ಸಣ್ಣ ಚೂರು ರಿವೆಟ್ಟಿನ ಮೇಲೆ ಬಿದ್ದರೆ ಸುತ್ತಲ ಸಮತಲದ ಆಸರೆ ಅದಕ್ಕೆ ಸಾಲದು. ಅದೇ ಮೊದಲು ಉದುರುತ್ತದೆ. ‘ಅಂಕೋಲಾ’ ಎಂದು ಬರೆಯಿಸಿದ ಲಾರಿಯ ಬಿಂದು ಉದುರಿದರೆ ಉಳಿಯುವುದು ‘ಅಕೋಲಾ’. ಅದು ವಿದರ್ಭದ ಒಂದು ಪಟ್ಟಣದ ಹೆಸರು. ಶಾಸನಗಳಲ್ಲಿ ಸವೆದುಹೋದ ಅನುಸ್ವಾರಗಳನ್ನು ಊಹಿಸಿ ಓದುವ ವಿದ್ವಾಂಸರಿಗೆ ಈ ಬಗೆಯ ಪಾಠಭೇದ ಹೊಸದಲ್ಲ. ಆದುದರಿಂದ ಕನ್ನಡ ಬರಹವನ್ನು ಕತ್ತರಿಸುವ ಮೊದಲೇ ರಿವೆಟ್ಟುಗಳ ನಡುವಿನ ಅಂತರವನ್ನು ಅಳೆದು, ಬಿಂದು ಮತ್ತು ಒತ್ತುಗಳು ಸಮತಲದ ಮೇಲೆ ಬೀಳುವಂತೆ ಪಂಕ್ತಿಯನ್ನು ಸರಿಸುವುದು ಒಳಿತು. ಪೇಂಟರನು ಕಣ್ಣಳತೆಯಿಂದ ಮಾಡುತ್ತಿದ್ದ ಕಾರ್ಯವನ್ನು ಇಲ್ಲಿ ಅಳತೆಪಟ್ಟಿಯಿಂದ ಮಾಡಬೇಕು. ಅದೂ ಸಾಧ್ಯವಾಗದೆಡೆ ರಿವೆಟ್ಟಿನ ತಲೆಯ ಸುತ್ತ ಹಾಳೆಯನ್ನು ದುಂಡಗೆ ಕತ್ತರಿಸಿ ತೆಗೆದು, ಬರಿದಾದ ತಲೆಗೆ ಅದೇ ಬಣ್ಣವನ್ನು ಕುಂಚದಿಂದ ಮುಟ್ಟಿಸಬಹುದು. ಕುಂಚವೂ ಹಾಳೆಯೂ ಹೀಗೆ ಒಂದೇ ಅಕ್ಷರದಲ್ಲಿ ಕೂಡಿಕೊಳ್ಳುವುದುಂಟು.

೯. ಫಲಿತಾರ್ಥ

ಇಷ್ಟು ವಿವರವೂ ಕೇವಲ ಅಂದಚಂದದ ವಿಷಯವಾಗಿದ್ದರೆ ಈ ಪುಟಗಳಲ್ಲಿ ಅದಕ್ಕೆ ಎಡೆ ಇರುತ್ತಿರಲಿಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ಹೆದ್ದಾರಿಯನ್ನೂ ಅದರ ಬದಿಯಲ್ಲಿದ್ದವರನ್ನೂ ಗಂಗಾವಳಿ ನದಿಗೆ ನೂಕಿತು. ಮರದ ದಿಮ್ಮಿ ಹೊತ್ತ ಲಾರಿಯೊಂದು ಚಾಲಕನೊಡನೆ ನದಿಯ ತಳವನ್ನು ಸೇರಿತು. ಎರಡು ತಿಂಗಳಿಗೂ ಮಿಕ್ಕಿದ ಶೋಧದ ಬಳಿಕ ಸೆಪ್ಟೆಂಬರಿನಲ್ಲಿ ಅದನ್ನು ಮೇಲೆತ್ತಲಾಯಿತು. ಆಗಸ್ಟ್ ೭ರ ನಡುರಾತ್ರಿಯ ಬಳಿಕ ಕಾರವಾರ ಮತ್ತು ಸದಾಶಿವಗಡಗಳ ನಡುವಣ ಕಾಳೀ ನದಿಯ ಹಳೆಯ ಸೇತುವೆಯು ಕುಸಿಯಿತು. ಅದರ ಮೇಲಿದ್ದ ಲಾರಿಯು ನದಿಗೆ ಬಿದ್ದಿತು, ಚಾಲಕನನ್ನು ಬದುಕಿಸಿ ಮೇಲೆ ತರಲಾಯಿತು. ಒಂದೇ ಮಳೆಗಾಲದಲ್ಲಿ, ನೆರೆಹೊರೆಯ ಎರಡು ತಾಲೂಕುಗಳಲ್ಲಿ, ಎರಡು ನದಿಗಳು ಎರಡು ಲಾರಿಗಳನ್ನು ನುಂಗಿದವು. ಲಾರಿಯ ಚಾಲಕನು ಪರಊರಿನವನು. ಅವನು ಹಾದುಹೋಗುವ ಊರಿನಲ್ಲಿ ಅವನನ್ನು ಬಲ್ಲವರಿಲ್ಲ. ಅಂಥ ವೇಳೆಯಲ್ಲಿ ಅವನನ್ನೂ ಅವನ ಮನೆಯನ್ನೂ ಜೋಡಿಸುವ ಕೊಂಡಿಗಳಲ್ಲಿ ಲಾರಿಯ ಮೈಯ ಮೇಲಿನ ಸಂಖ್ಯೆ, ಹೆಸರು, ಊರುಗಳೂ ಸೇರುತ್ತವೆ. ಅವು ಓದುವಂತಿರುವುದು ಅಲಂಕಾರದ ಮಾತಲ್ಲ.

ಬೆಳಕನ್ನು ಹಿಂದಿರುಗಿಸುವ ಪಟ್ಟಿಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ನೇರವಾಗಿ ಸಲ್ಲುತ್ತದೆ. ಲಾರಿಯ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ ಪಟ್ಟಿಗಳನ್ನು 'ರೇಡಿಯಂ' ಎಂಬ ಹೆಸರಿನಲ್ಲಿ ಅಂಟಿಸುತ್ತಾರೆ. ಅರಬೈಲು ಘಟ್ಟದ ತಿರುವಿನಲ್ಲಿ ಮಳೆಯ ರಾತ್ರಿ ಕೆಟ್ಟು ನಿಂತ ಲಾರಿಯನ್ನು ಹಿಂದಿನವರಿಗೆ ತೋರಿಸಿಕೊಡುವುದು ಈ ಪಟ್ಟಿ. ಇದು ಸಾಮಾನ್ಯ ವಿನೈಲಿಗಿಂತ ದಪ್ಪ ಮತ್ತು ಬಿರುಸು. ಕಾಯಿಸಿ ಹಿಗ್ಗಿಸಿದರೆ ಅದರ ಮಿಂಚುವ ಗುಣವೇ ಕೆಡುವ ಸಂಭವವುಂಟು. ಆದಕಾರಣ ಇದನ್ನು ರಿವೆಟ್ಟಿನ ಮೇಲೆ ಹಾಯಿಸದೆ, ರಿವೆಟ್ಟು ಬಂದೆಡೆ ತುಂಡರಿಸಿ, ಎರಡು ಬದಿಗೂ ಸ್ವಲ್ಪ ಅಂತರ ಬಿಟ್ಟು ಅಂಟಿಸುವುದೇ ಯೋಗ್ಯವಾದ ಕ್ರಮ. ಓಲೆಗರಿಯ ರಂಧ್ರದ ಸುತ್ತ ಲಿಪಿಕಾರನು ಬಿಡುತ್ತಿದ್ದ ಬಯಲಿನಂತೆಯೇ ಇದು.

ಇತಿಹಾಸಕಾರರ ಪಾಲಿಗೆ ಉಳಿದ ಕಾರ್ಯ ಇನ್ನೊಂದಿದೆ. ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವು ೧೮೮೬ರಲ್ಲಿ ಹೊರಬಂದಾಗ ಕಲ್ಲಿನ ಬರಹಗಳನ್ನು ಊರೂರಿಗೆ ಹೋಗಿ ನಕಲು ಮಾಡುವ ಕೆಲಸವು ವ್ಯವಸ್ಥಿತವಾದ ರೂಪವನ್ನು ತಾಳಿತು. ಲಾರಿಯ ಬರಹಕ್ಕೆ ಅಂಥ ಸಂಗ್ರಹವಿನ್ನೂ ಬೇಕಾಗಿದೆ. ಬಣ್ಣದ ಕಾಲದ ಲಾರಿಯಲ್ಲಿ ಹಳೆಯ ಬರಹದ ಮೇಲೆ ಹೊಸ ಬಣ್ಣವನ್ನು ಬಳಿಯುತ್ತಿದ್ದರು; ಒಂದು ಪದರವನ್ನು ಕೆರೆದರೆ ಹಿಂದಿನ ಮಾಲಿಕನ ದೈವವೂ ಊರೂ ಕಾಣಸಿಗುವ ಸಂಭವವಿತ್ತು. ವಿನೈಲನ್ನಾದರೋ ಕಾಯಿಸಿ ಸುಲಿದು ಎಸೆಯುತ್ತಾರೆ. ಅದರ ಕೆಳಗೆ ಏನೂ ಉಳಿಯದು. ಆದುದರಿಂದ ಹಾಳೆಯನ್ನು ಸುಲಿಯುವ ಮೊದಲು, ಹಳೆಯ ಮೈಯನ್ನು ಗುಜರಿಗೆ ಒಡೆಯುವ ಮೊದಲು, ಬರಹವನ್ನು ಛಾಯಾಚಿತ್ರದಲ್ಲಿ ಹಿಡಿದು, ಊರು, ವರ್ಷ, ಲಿಪಿ, ಬರೆದ ಬಗೆ ಇವನ್ನು ಗುರುತಿಸಿಡುವುದು ಅವಶ್ಯಕ. ಬೈತಕೋಲದ ಮೀನುಗಾರಿಕೆಯ ದೋಣಿಗಳ ಬರಹವನ್ನೂ ಇದರೊಡನೆ ಸೇರಿಸಬಹುದು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಈ ಎರಡು ತಾಲೂಕುಗಳಿಂದ ಬಂದವರು ರಜೆಯ ದಿನಗಳಲ್ಲಿ ಇದನ್ನು ಕೈಕೊಂಡರೆ, ದೊಡ್ಡ ವೆಚ್ಚವಿಲ್ಲದೆ ಉಪಯುಕ್ತವಾದ ಸಾಮಗ್ರಿ ಒದಗುವುದು. ಅದರಲ್ಲಿ ರಿವೆಟ್ಟಿನ ಸಾಲನ್ನೂ ಅಳೆದು ಬರೆದುಕೊಳ್ಳಲು ಮರೆಯಬಾರದು. ಅಕ್ಷರವು ಎಲ್ಲಿ ಸರಿಯಿತು, ಎಲ್ಲಿ ಉದುರಿತು ಎಂಬುದಕ್ಕೆ ಉತ್ತರವು ಬಹಳಮಟ್ಟಿಗೆ ಅಲ್ಲಿಯೇ ಇರುತ್ತದೆ.